ಮಿತವಾದ ಹಣಕ್ಕೆ ತಕ್ಕ ಕ್ಯಾಮರಾ

ದೋಣಿಮಲೈಯಿಂದ ನಮ್ಮ ವಾಚಕ ಸೋದರಿಯೊಬ್ಬರು ಈ ತಿಂಗಳು ದೀರ್ಘವಾದ ಕಾಗದವೊಂದನ್ನು ಬರೆದಿದ್ದಾರೆ. ಅವರ ಯಜಮಾನರಿಗೆ ಅಲ್ಲಿಯ ಕಬ್ಬಿಣದ ಅದಿರಿನ ಗಣಿಯಲ್ಲಿ ಉದ್ಯೋಗ. ಮಗಳು ಸಂಡೂರಿನಲ್ಲಿ ಕಾಲೇಜು ಓದುತ್ತಿರುವಳು. ಈ ಹುಡುಗಿಗೆ ಛಾಯಾಚಿತ್ರ ತೆಗೆಯುವುದರಲ್ಲಿ ಬಹಳ ಆಸಕ್ತಿಯಂತೆ. ಮನೆಯವರು ಎರಡು ವರ್ಷ ತಿಂಗಳು ತಿಂಗಳೂ ಕೊಂಚ ಕೊಂಚವಾಗಿ ತೆಗೆದಿರಿಸಿ ೨೫,೦೦೦ ರೂಪಾಯಿಗಳನ್ನು ಕೂಡಿಸಿದ್ದಾರೆ. ಈಗ ಕೊಳ್ಳಹೊರಟರೆ ಒಬ್ಬೊಬ್ಬರದು ಒಂದೊಂದು ಬುದ್ಧಿವಾದ. ಬೆಂಗಳೂರಿನ ಬಂಧುಗಳು, ಈ ಹಣಕ್ಕೆ ಒಳ್ಳೆಯದು ಬಾರದು, ಇನ್ನೂ ಎರಡು ವರ್ಷ ತಡೆಯಿರಿ ಎನ್ನುತ್ತಾರೆ. ನೆರೆಮನೆಯವರು, ಕೈಯಲ್ಲಿ ಮೊಬೈಲು ಇರುವಾಗ ಈ ದುಂದುವೆಚ್ಚ ಏಕೆ ಎನ್ನುತ್ತಾರೆ. ಅಂಗಡಿಯವನು ಕಂತಿನ ಮೇಲೆ ದೊಡ್ಡದನ್ನೇ ಕೊಡುವೆನೆಂದು ಕರೆಯುತ್ತಾನೆ. ಕಾಗದದ ಕೊನೆಯಲ್ಲಿ ಆ ತಾಯಿ ಇನ್ನೊಂದು ಮಾತನ್ನು ಸೇರಿಸಿದ್ದಾರೆ. ಅವರ ಮಾವನವರು ತೀರಿಕೊಂಡು ಬಹಳ ಕಾಲವಾಯಿತು. ಗೋಡೆಗೆ ಹಾಕಲು ಅವರದೊಂದು ಪಟವಿಲ್ಲ. ಅತ್ತೆಯವರು ಕಂಪ್ಲಿಯಲ್ಲಿದ್ದಾರೆ, ವಯಸ್ಸು ಎಂಬತ್ತು ದಾಟಿತು. ಅವರದಾಗಿ ಇರುವ ಪಟವೆಂದರೆ ಆಧಾರ್ ಚೀಟಿಯ ಮೇಲಿನದೊಂದೇ.

ಈ ಕೊನೆಯ ಮಾತಿಗೆ ನಾವು ತಿರುಗಿ ಬರುವೆವು. ಮೊದಲು ಕ್ಯಾಮರಾ ಎಂಬುದರ ಗುಟ್ಟೇನೆಂಬುದನ್ನು ತಿಳಿಯುವುದು ಮೇಲು. ಗುಟ್ಟು ತಿಳಿದವರನ್ನು ಅಂಗಡಿಯವರು ಸುಲಭವಾಗಿ ಮರುಳುಮಾಡಲಾರರು.

ಇದಕ್ಕಾಗಿ ನಮ್ಮ ಸೋದರಿ ದೂರ ಹೋಗಬೇಕಾದುದಿಲ್ಲ. ಹಂಪೆಯ ವಿರೂಪಾಕ್ಷ ದೇವಾಲಯಕ್ಕೆ ಹೋದವರೆಲ್ಲರೂ ಗುಡಿಯ ಹಿಂಭಾಗದ ಕತ್ತಲೆಯ ಸಾಲೆಯಲ್ಲಿ ಗೋಪುರದ ನೆರಳನ್ನು ಕಂಡಿರುವರು. ಮುಂದಿನ ಮಹಾಗೋಪುರದ ಪ್ರತಿಬಿಂಬವು ಗೋಡೆಯ ಸಣ್ಣದೊಂದು ಕಿಂಡಿಯಿಂದ ಒಳಗೆ ಬಂದು, ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. ಬೆಳಕು ನೆಟ್ಟಗೆ ಹರಿಯುವುದೇ ಇದಕ್ಕೆ ಕಾರಣ. ಗೋಪುರದ ತುದಿಯಿಂದ ಹೊರಟ ಕಿರಣವು ಕಿಂಡಿಯನ್ನು ಹಾಯ್ದು ಕೆಳಕ್ಕೆ ಇಳಿಯುತ್ತದೆ. ಬುಡದಿಂದ ಹೊರಟುದು ಮೇಲಕ್ಕೆ ಏರುತ್ತದೆ. ಕತ್ತಲೆಯ ಕೋಣೆ, ಒಂದು ರಂಧ್ರ, ಎದುರಿಗೊಂದು ಗೋಡೆ: ಕ್ಯಾಮರಾ ಎಂದರೆ ಇಷ್ಟೇ. ರಂಧ್ರದ ಸ್ಥಾನದಲ್ಲಿ ಲೆನ್ಸನ್ನೂ, ಗೋಡೆಯ ಸ್ಥಾನದಲ್ಲಿ ಹಿಂದೆ ಫಿಲ್ಮನ್ನೂ ಈಗ ಸೆನ್ಸರನ್ನೂ ಇಟ್ಟರು. ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕೆಂಬುದಕ್ಕೆ ಷಟರ್ ಎಂಬ ಬಾಗಿಲನ್ನು ಹಾಕಿದರು. ನಾವು ಕೊಡುವ ಹಣವೆಲ್ಲವೂ ಈ ಮೂರರ ಗುಣಕ್ಕೆ ಸಲ್ಲತಕ್ಕುದು. ಉಳಿದುದು ಅಲಂಕಾರ.

ಹಂಪೆಯ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನೂ ಹೇಳಿಬಿಡುವೆವು. ೧೮೫೬ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬಾತನು ಈ ಹಾಳುಪಟ್ಟಣದ ಚಿತ್ರಗಳನ್ನು ತೆಗೆದನು. ಅವನ ಬಳಿ ಫಿಲ್ಮೂ ಇರಲಿಲ್ಲ, ಗಾಜಿನ ಫಲಕವೂ ಇರಲಿಲ್ಲ. ಮೇಣ ಹೀರಿಸಿದ ಕಾಗದದ ಮೇಲೆ, ಒಂದಡಿಗಿಂತ ದೊಡ್ಡದಾದ ಹಾಳೆಗಳಲ್ಲಿ ಬಿಂಬಗಳನ್ನು ಹಿಡಿದನು. ಬೆಳಕನ್ನು ಬಹು ಹೊತ್ತು ಒಳಗೆ ಬಿಡಬೇಕಾದ ವಿಧಾನವದು. ಅಲುಗುವ ಯಾವುದೂ ಮೂಡುವಂತಿರಲಿಲ್ಲ. ಆದರೂ ಆ ಚಿತ್ರಗಳಿಗೆ ಇಂದು ಬೆಲೆ ಕಟ್ಟಲಾಗದು. ಏಕೆಂದರೆ ಅವನ ಚಿತ್ರದಲ್ಲಿ ವಿಟ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಶಿಖರವೊಂದು ನಿಂತಿದೆ. ಇಂದು ಹೋಗಿ ನೋಡಿದರೆ ರಥವಿದೆ, ಶಿಖರವಿಲ್ಲ. ೧೯೮೩ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ಸ್ಥಳಗಳನ್ನೇ ಹುಡುಕಿ ನಿಂತು ಮತ್ತೆ ಚಿತ್ರಗಳನ್ನು ತೆಗೆದರು. ಎರಡನ್ನೂ ಜೊತೆಯಲ್ಲಿಟ್ಟು ನೋಡಿದಾಗ ನಡುವೆ ಏನೇನು ಹೋಯಿತೆಂಬುದು ತಿಳಿಯುತ್ತದೆ. ಗ್ರೀನ್‌ಲಾ ಇನ್ನೂ ಒಳ್ಳೆಯ ಯಂತ್ರ ಬರಲಿ ಎಂದು ಕಾದಿದ್ದರೆ ಆ ಶಿಖರದ ರೂಪ ನಮಗೆ ಹೀಗೆ ಉಳಿಯುತ್ತಿತ್ತೆ? ಎರಡು ವರ್ಷ ತಡೆಯಿರಿ ಎನ್ನುವ ಬಂಧುಗಳಿಗೆ ಇದೇ ನಮ್ಮ ಉತ್ತರ.

ಹಾಗಾದರೆ ಕಂತಿನ ಮೇಲೆ ದೊಡ್ಡದನ್ನು ತರಬಹುದೆ? ಅದೂ ಕೂಡದು. ವಿನೋದಕ್ಕಾಗಿ ಸಾಲ ಮಾಡಿದ ವಸ್ತುವನ್ನು ಮನೆಯವರು ಹೆದರಿ ಹೆದರಿ ಮುಟ್ಟುತ್ತಾರೆ. ಕಡೆಗೆ ಅದು ಬೀರುವಿನಲ್ಲಿಯೇ ಉಳಿಯುತ್ತದೆ. ಕ್ಯಾಮರಾ ಎಲ್ಲರ ಕೈಗೂ ಬಂದುದೇ ಅಗ್ಗವಾದುದರಿಂದ. ೧೯೦೦ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯವರು ಬ್ರೌನಿ ಎಂಬ ಪುಟ್ಟ ಪೆಟ್ಟಿಗೆಯನ್ನು ಒಂದು ಡಾಲರಿಗೆ ಮಾರಿದರು. ನಮ್ಮ ದೇಶದಲ್ಲಿಯೂ ಬಡೋದೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ ೩ ಎಂಬುದು ಎಷ್ಟೋ ಮನೆಗಳಿಗೆ ಮೊದಲ ಕ್ಯಾಮರಾ ಆಗಿತ್ತು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಆದುದರಿಂದ ಗುಂಡಿಯನ್ನು ಒತ್ತುವ ಮುನ್ನ ಜನ ಎರಡು ಸಲ ಯೋಚಿಸುತ್ತಿದ್ದರು. ಹಿರಿಯರ ಹಳೆಯ ಆಲ್ಬಮ್ಮುಗಳಲ್ಲಿ ಚಿತ್ರಗಳು ಕಡಮೆಯಾದರೂ ಒಂದೊಂದೂ ನೆನಪಿನಲ್ಲಿ ನಿಲ್ಲುವುದಕ್ಕೆ ಇದೂ ಒಂದು ಕಾರಣವಿರಬೇಕು.

ಈಗ ಆಯ್ಕೆಯ ವಿಚಾರ. ಯಾವ ಕ್ಯಾಮರಾ ಒಳ್ಳೆಯದು ಎಂಬುದು ಮೊದಲ ಪ್ರಶ್ನೆಯಲ್ಲ. ಏನನ್ನು ತೆಗೆಯಬೇಕು ಎಂಬುದೇ ಮೊದಲ ಪ್ರಶ್ನೆ. ಸಂಡೂರಿನ ಹುಡುಗಿಗೆ ಕಾಡುಪ್ರಾಣಿಗಳ ಮೇಲೆ ಮನಸ್ಸು ಹೋಗುವುದು ಸಹಜ. ಆ ಸಂಸ್ಥಾನದ ಮನೆತನದ ಎಂ. ವೈ. ಘೋರ್ಪಡೆಯವರು ರಾಜ್ಯದ ಹಣಕಾಸಿನ ಮಂತ್ರಿಗಳಾಗಿದ್ದಂತೆಯೇ ವನ್ಯಜೀವಿಗಳ ಛಾಯಾಗ್ರಹಣದಲ್ಲಿಯೂ ದೇಶವಿದೇಶಗಳಲ್ಲಿ ಹೆಸರು ಪಡೆದವರು. ಹತ್ತಿರದಲ್ಲಿಯೇ ದರೋಜಿಯ ಕರಡಿಧಾಮವೂ ೧೯೯೪ರಿಂದ ಇದೆ. ಆದರೆ ಅಲ್ಲಿ ಸಂಜೆ ಬಂಡೆಗಳ ಮೇಲೆ ಇಳಿದು ಬರುವ ಕರಡಿಯನ್ನು ನಾವು ಬಹು ದೂರದ ವೀಕ್ಷಣಾ ಗೋಪುರದಿಂದ ನೋಡಬೇಕು. ಅಷ್ಟು ದೂರದ ಪ್ರಾಣಿಯನ್ನು, ಅದೂ ಬೆಳಕು ಕುಂದುವ ವೇಳೆಯಲ್ಲಿ, ಸ್ಪಷ್ಟವಾಗಿ ಹಿಡಿಯತಕ್ಕ ಉದ್ದನೆಯ ಲೆನ್ಸು ಒಂದಕ್ಕೇ ನಮ್ಮ ಸೋದರಿಯ ಹಣದ ಹಲವು ಪಾಲು ಬೇಕಾಗುತ್ತದೆ. ಕರಡಿಯನ್ನು ಸದ್ಯಕ್ಕೆ ಕಣ್ಣಿನಿಂದ ನೋಡಿದರೆ ಸಾಕು. ಮನೆಯವರ ಮುಖಗಳು, ಹಂಪೆಯ ಮಂಟಪಗಳು, ಮಳೆಗಾಲದಲ್ಲಿ ಹಸುರೇರಿದ ಸಂಡೂರಿನ ಗುಡ್ಡಗಳು, ಕಂಪ್ಲಿಯ ಹೊಳೆದಂಡೆ, ಲಂಬಾಣಿ ಹೆಂಗಸರ ಕಸೂತಿ: ಇವಿಷ್ಟಕ್ಕೂ ಮಿತವಾದ ಹಣದ ಕ್ಯಾಮರಾ ಧಾರಾಳವಾಗಿ ಸಾಕಾಗುವುದು.

ಈ ಹಣಕ್ಕೆ ದೊರೆಯುವ ಮಾರ್ಗಗಳು ನಾಲ್ಕು. ಹೊಸ ಮಿರರ್‌ಲೆಸ್ ಕ್ಯಾಮರಾ ಮೊದಲನೆಯದು; ಅದು ಲೆನ್ಸು ಸಹಿತ ಈ ಮೊತ್ತದ ಎರಡು ಪಾಲಿನ ಹತ್ತಿರ ಹತ್ತಿರವಾದರೂ ಆಗುತ್ತದೆ, ಆದುದರಿಂದ ಬಿಡತಕ್ಕುದು. ಅಂಗೈಯಗಲದ ಅಗ್ಗದ ಹೊಸ ಕ್ಯಾಮರಾಗಳು ಎರಡನೆಯದು. ಇವುಗಳ ಸೆನ್ಸರು ಬಹುಮಟ್ಟಿಗೆ ಮೊಬೈಲಿನದರಷ್ಟೇ ಸಣ್ಣದು, ಆದುದರಿಂದ ಹೊಸದಾಗಿ ಬಂದ ಲಾಭ ಕಡಮೆ. ಹಳೆಯ ಫಿಲ್ಮಿನ ಕ್ಯಾಮರಾ ಮೂರನೆಯದು. ಪೆಟ್ಟಿಗೆ ಅಗ್ಗ, ಆದರೆ ಸುರುಳಿಗೂ ತೊಳೆಯುವುದಕ್ಕೂ ಪ್ರತಿ ಸಲ ಹಣ ಬೇಕು, ತೊಳೆಯುವವರನ್ನು ಹುಡುಕುವುದೂ ಕಷ್ಟ. ನಾಲ್ಕನೆಯದು ಒಬ್ಬರು ಬಳಸಿದ ಡಿ.ಎಸ್.ಎಲ್.ಆರ್. ಕ್ಯಾಮರಾ. ನಮ್ಮ ಅಭಿಪ್ರಾಯ ಇದರ ಕಡೆಗೆ. ತಯಾರಕರಲ್ಲಿ ಬಹುಮಂದಿ ಮಿರರ್‌ಲೆಸ್ಸಿನ ಕಡೆಗೆ ತಿರುಗಿರುವುದರಿಂದ ಇವುಗಳ ಬೆಲೆ ಇಳಿದಿದೆ. ಚಿತ್ರದ ಗುಣವೇನೂ ಇಳಿದಿಲ್ಲ. ಎಪಿಎಸ್-ಸಿ ಎಂದು ಕರೆಯುವ ಇವುಗಳ ಸೆನ್ಸರು ಸುಮಾರು ೨೩ ಮಿಲಿಮೀಟರು ಅಗಲ, ೧೫ ಮಿಲಿಮೀಟರು ಎತ್ತರ. ಮೊಬೈಲಿನದಕ್ಕಿಂತ ಹಲವು ಪಾಲು ದೊಡ್ಡದು. ಗೋಡೆ ದೊಡ್ಡದಾದಷ್ಟೂ ಬೆಳಕು ಹೆಚ್ಚು ಸೇರುವುದಷ್ಟೆ.

ಮೆಗಾಪಿಕ್ಸೆಲ್ ಎಂಬ ಸಂಖ್ಯೆಗೆ ಮರುಳಾಗಬಾರದು. ೧೨ ಮೆಗಾಪಿಕ್ಸೆಲಿನ ಚಿತ್ರವೆಂದರೆ ಅಡ್ಡಲಾಗಿ ೪,೦೦೦, ಉದ್ದಕ್ಕೆ ೩,೦೦೦ ಚುಕ್ಕೆಗಳು. ಅಂಗುಲಕ್ಕೆ ೩೦೦ ಚುಕ್ಕೆಗಳಂತೆ ಅಚ್ಚು ಹಾಕಿಸಿದರೂ ಹದಿಮೂರು ಅಂಗುಲ ಅಗಲ, ಹತ್ತು ಅಂಗುಲ ಎತ್ತರದ ಪಟವಾಗುತ್ತದೆ. ನಡುಮನೆಯ ಗೋಡೆಗೆ ಅದಕ್ಕಿಂತ ದೊಡ್ಡದು ಎಷ್ಟು ಮಂದಿಗೆ ಬೇಕು? ಸಂಖ್ಯೆಗೆ ಕೊಡುವ ಹಣವನ್ನು ಲೆನ್ಸಿಗೆ ಕೊಡುವುದು ಜಾಣತನ.

ಲೆನ್ಸಿನಲ್ಲಿ ಸಾಮಾನ್ಯವಾಗಿ ಜೊತೆಗೆ ಬರುವ ೧೮–೫೫ ಮಿಲಿಮೀಟರಿನದು ಆರಂಭಕ್ಕೆ ಒಳ್ಳೆಯದು. ೧೮ರ ಕಡೆ ಮಂಟಪವೂ ಗುಡ್ಡವೂ ಸೇರುತ್ತವೆ; ೫೫ರ ಕಡೆ ಒಬ್ಬರ ಮುಖ ಚೆನ್ನಾಗಿ ಬರುತ್ತದೆ. ವರ್ಷವೊಂದು ಕಳೆದ ಮೇಲೆ ೫೦ ಮಿಲಿಮೀಟರಿನ, ಎಫ್ ೧.೮ರ ಲೆನ್ಸೊಂದನ್ನು ಸೇರಿಸಬಹುದು. ಎಫ್ ಎಂಬ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಎಫ್ ೫.೬ರ ಕಿಂಡಿಗಿಂತ ಎಫ್ ೧.೮ರ ಕಿಂಡಿಯು ಸುಮಾರು ಒಂಬತ್ತು ಹತ್ತು ಪಾಲು ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ದೀಪದ ಬೆಳಕಿನ ಮನೆಯೊಳಗೆ ಇದರ ಬೆಲೆ ತಿಳಿಯುವುದು. ಕ್ಯಾನನ್, ನಿಕಾನ್ ಎರಡೂ ಕಂಪನಿಗಳ ಹಳೆಯ ಲೆನ್ಸುಗಳು ಎಲ್ಲೆಡೆ ಸಿಕ್ಕುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕು: ನಿಕಾನಿನ ಚಿಕ್ಕ ವರ್ಗದ ಕ್ಯಾಮರಾಗಳ ಒಡಲಿನಲ್ಲಿ ಫೋಕಸ್ ಮಾಡುವ ಮೋಟರಿಲ್ಲ, ಆದುದರಿಂದ ತನ್ನಲ್ಲಿಯೇ ಮೋಟರಿರುವ ಲೆನ್ಸನ್ನೇ ಕೇಳಿ ಕೊಳ್ಳಬೇಕು.

ಲೆಕ್ಕವನ್ನು ನಾವು ಹೀಗೆ ಹಾಕುವೆವು. ಕ್ಯಾಮರಾ ಮತ್ತು ಲೆನ್ಸಿಗೆ ೧೭,೦೦೦. ಇನ್ನೊಂದು ಬ್ಯಾಟರಿ ಮತ್ತು ಮೆಮೊರಿ ಕಾರ್ಡಿಗೆ ೨,೦೦೦. ಚೀಲ, ಗಾಳಿಯೂದುವ ರಬ್ಬರಿನ ಬುರುಡೆ, ಬಟ್ಟೆ ಮೊದಲಾದುವಕ್ಕೆ ೧,೦೦೦. ಚಿತ್ರಗಳನ್ನು ಅಚ್ಚು ಹಾಕಿಸಲು ೨,೦೦೦. ರಿಪೇರಿಗೆಂದು ಮುಟ್ಟದೆ ಇಡತಕ್ಕುದು ೩,೦೦೦. ಒಟ್ಟು ೨೫,೦೦೦. ಇದ್ದುದೆಲ್ಲವನ್ನೂ ಪೆಟ್ಟಿಗೆಗೇ ಸುರಿದವರು ಕಾರ್ಡಿಗೆ ಹಣವಿಲ್ಲದೆ ಮನೆಗೆ ಬರುವುದನ್ನು ನಾವು ಕಂಡಿದ್ದೇವೆ.

ಬಳಸಿದ ವಸ್ತುವನ್ನು ಕೊಳ್ಳುವಾಗ ಎತ್ತು ಕೊಳ್ಳುವವನ ಕಣ್ಣಿರಬೇಕು. ಹಲ್ಲು ನೋಡದೆ ಹಗ್ಗ ಹಿಡಿಯಬಾರದು. ನಾವೇ ಒಮ್ಮೆ ಮೋಸಹೋದುದುಂಟು. ಹೊಳೆಹೊಳೆಯುತ್ತಿದ್ದ ಕ್ಯಾಮರಾವೊಂದನ್ನು ಸಂಜೆಯ ದೀಪದ ಬೆಳಕಿನಲ್ಲಿ ಅಂಗಡಿಯೊಂದರಿಂದ ತಂದೆವು. ಮಾರನೆಯ ದಿನ ಬಿಸಿಲಿನಲ್ಲಿ ನೋಡಿದರೆ ಲೆನ್ಸಿನ ಒಳಗೆ ಜೇಡರ ಬಲೆಯಂತೆ ಬೂಷ್ಟು ಹರಡಿತ್ತು. ಹಿಂದಕ್ಕೆ ತೆಗೆದುಕೊಳ್ಳೆಂದರೆ ಅಂಗಡಿಯವನು ಒಪ್ಪಲಿಲ್ಲ. ಆದುದರಿಂದ ಹೊಸಪೇಟೆಗೋ ಬಳ್ಳಾರಿಗೋ ಹಗಲಿನಲ್ಲಿ ತಾವೇ ಹೋಗಿ ನೋಡಿ ಕೊಳ್ಳಬೇಕು. ಕಾಣದವರಿಗೆ ಮುಂಗಡ ಹಣ ಕಳುಹಿಸಕೂಡದು. ಲೆನ್ಸಿನ ಹಿಂದಿನಿಂದ ಟಾರ್ಚು ಹಿಡಿದು ಮುಂದಿನಿಂದ ನೋಡಿದರೆ ಬೂಷ್ಟೂ ಗೀರುಗಳೂ ಕಾಣುವುವು. ಕಿಂಡಿಯನ್ನು ಎಫ್ ೧೬ಕ್ಕೆ ಕಿರಿದುಮಾಡಿ ಬರಿಯ ಆಕಾಶದ ಚಿತ್ರವೊಂದನ್ನು ತೆಗೆದರೆ ಸೆನ್ಸರಿನ ಮೇಲಿನ ಕಲೆಗಳು ಕಪ್ಪು ಚುಕ್ಕೆಗಳಾಗಿ ತೋರುವುವು. ಷಟರು ಎಷ್ಟು ಸಲ ಬಡಿದಿದೆಯೆಂಬ ಲೆಕ್ಕವನ್ನು ಕೇಳಬೇಕು. ಸಾಧಾರಣ ವರ್ಗದ ಕ್ಯಾಮರಾಗಳಲ್ಲಿ ಷಟರಿನ ಆಯುಸ್ಸನ್ನು ಸುಮಾರು ಒಂದು ಲಕ್ಷವೆಂದು ಎಣಿಸುವರು. ಮೂವತ್ತು ನಲವತ್ತು ಸಾವಿರದ ಒಳಗಿದ್ದರೆ ಚಿಂತೆಯಿಲ್ಲ. ಹತ್ತಿರಕ್ಕೂ ದೂರಕ್ಕೂ ಫೋಕಸ್ ಮಾಡಿ, ಕಾರ್ಡು ಹಾಕಿ ತೆಗೆದು, ಬ್ಯಾಟರಿ ಎಷ್ಟು ಹೊತ್ತು ನಿಲ್ಲುವುದೆಂದು ನೋಡಿ, ಮೊದಲ ರಶೀದಿಯ ಸಂಖ್ಯೆಯೂ ಕ್ಯಾಮರಾದ ಸಂಖ್ಯೆಯೂ ಒಂದೇ ಎಂಬುದನ್ನು ತಾಳೆ ಹಾಕಿ, ಆಮೇಲೆ ಹಣ ಎಣಿಸಬೇಕು.

ಕೊಂಡು ತಂದ ಮೇಲೆ ದೋಣಿಮಲೈಯಲ್ಲಿ ಅದಕ್ಕೊಬ್ಬ ವಿಶೇಷ ಶತ್ರುವಿದ್ದಾನೆ. ಅದೇ ಆ ಕೆಂಪು ಧೂಳು. ಅಲ್ಲಿಯ ಗಣಿ ೧೯೭೭ರಲ್ಲಿ ಆರಂಭವಾದುದು. ಅದಿರನ್ನು ಹೊತ್ತ ಲಾರಿಗಳು ಓಡುವ ದಾರಿಯಲ್ಲಿ ಮರದ ಎಲೆಯೂ ಕೆಂಪಾಗುವುದನ್ನು ಆ ಸೀಮೆಯವರೆಲ್ಲರೂ ಬಲ್ಲರು. ಆ ಧೂಳು ಅರಿಸಿನದ ಪುಡಿಯಂತೆ ಮೆತ್ತನೆಯದಲ್ಲ. ಹೆಮಟೈಟ್ ಎಂಬ ಅದಿರೂ ಅದರ ಜೊತೆಯ ಕಲ್ಲಿನ ಹರಳುಗಳೂ ಗಾಜನ್ನು ಗೀಚುವಷ್ಟು ಗಟ್ಟಿ. ಧೂಳು ಕುಳಿತ ಲೆನ್ಸನ್ನು ಸೆರಗಿನಿಂದಲೋ ಕರವಸ್ತ್ರದಿಂದಲೋ ಒರಸಿದರೆ ಮರಳು ಹಾಕಿ ತಿಕ್ಕಿದಂತೆಯೇ ಸರಿ. ಮೊದಲು ರಬ್ಬರಿನ ಬುರುಡೆಯಿಂದ ಗಾಳಿಯೂದಬೇಕು; ಆಮೇಲೆ ಮೃದುವಾದ ಕುಂಚ; ಕಡೆಯಲ್ಲಿ, ಬೇಕೇ ಬೇಕಾದರೆ, ಬಟ್ಟೆ. ಬಾಯಿಂದ ಊದಿದರೆ ಉಗುಳು ಬೀಳುವುದು. ಬಯಲಿನಲ್ಲಿ ಲೆನ್ಸನ್ನು ಬಿಚ್ಚಿ ಬದಲಿಸಕೂಡದು. ಮುಂಭಾಗಕ್ಕೆ ಸಾದಾ ಗಾಜಿನ ಫಿಲ್ಟರೊಂದನ್ನು ತಿರುಗಿಸಿಟ್ಟರೆ ಗೀರು ಬಿದ್ದರೂ ಅದರ ಮೇಲೆಯೇ ಬೀಳುವುದು. ಬದಲಿಸಲು ಖರ್ಚು ಸ್ವಲ್ಪ.

ಮಳೆಗಾಲಕ್ಕೆ ಬೇರೆ ಜಾಗರೂಕತೆ ಬೇಕು. ತೇವದಲ್ಲಿಯೂ ಕತ್ತಲೆಯಲ್ಲಿಯೂ ಬೂಷ್ಟು ಹುಟ್ಟುತ್ತದೆ. ಕ್ಯಾಮರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿ ಬೀರುವಿನಲ್ಲಿಡುವುದೇ ಅದನ್ನು ಕೆಡಿಸುವ ನೇರವಾದ ದಾರಿ. ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳೊಡನೆ ಇಟ್ಟು, ವಾರಕ್ಕೊಮ್ಮೆ ಹೊರತೆಗೆದು ಬಳಸಬೇಕು. ಕೆಲವರು ಅಕ್ಕಿಯ ಡಬ್ಬಿಯಲ್ಲಿಡುತ್ತಾರೆ. ಅಕ್ಕಿಯ ಹುಡಿ ಸಂದುಗಳಿಗೆ ಸೇರುವುದರಿಂದ ಅದು ಒಳ್ಳೆಯದಲ್ಲ.

ಬಳಸುವ ಕ್ರಮದಲ್ಲಿ ಎರಡು ಮೂರು ಮಾತು ಸಾಕು. ತೆರೆದ ಬಿಸಿಲಿನಲ್ಲಿ ಎಫ್ ೧೬ ಇಟ್ಟರೆ ಷಟರಿನ ವೇಗವು ಐಎಸ್‌ಒ ಸಂಖ್ಯೆಗೆ ಸಮನಾಗಿರಲಿ. ಐಎಸ್‌ಒ ೧೦೦ಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗ. ಈ ಹಳೆಯ ಸೂತ್ರದಿಂದ ಆರಂಭಿಸಿ, ನೆರಳಿನಲ್ಲಿ ಏನು ಬದಲಿಸಬೇಕೆಂಬುದನ್ನು ಹುಡುಗಿ ತಾನೇ ಕಲಿಯುವಳು. ಹಂಪೆಯ ಬಂಡೆಗಳು ನಡುಹಗಲಿನಲ್ಲಿ ಸಪ್ಪೆ. ಬೆಳಗಿನ ಹಾಗೂ ಸಂಜೆಯ ಓರೆ ಬಿಸಿಲಿನಲ್ಲಿ ಕಂಬದ ಪ್ರತಿಯೊಂದು ಕೆತ್ತನೆಯೂ ಎದ್ದು ಕಾಣುವುದು. ಅಲ್ಲಿಯ ಸಂರಕ್ಷಿತ ಸ್ಮಾರಕಗಳಲ್ಲಿ ಮುಕ್ಕಾಲಿಯನ್ನು ನಿಲ್ಲಿಸಲು ಪುರಾತತ್ವ ಇಲಾಖೆಯ ಅಪ್ಪಣೆ ಬೇಕು. ಕೈಯಲ್ಲಿ ಹಿಡಿದೇ ತೆಗೆಯುವ ಅಭ್ಯಾಸ ಒಳ್ಳೆಯದು. ಗಣಿಯ ಆವರಣದೊಳಗಂತೂ ಅಪ್ಪಣೆಯಿಲ್ಲದೆ ಕ್ಯಾಮರಾ ಹೊರತೆಗೆಯಬಾರದು. ತಂದೆಯ ಉದ್ಯೋಗದ ಸ್ಥಳವದು. ಲಂಬಾಣಿ ತಾಂಡದ ಹೆಂಗಸರ ಚಿತ್ರವನ್ನು ತೆಗೆಯುವಾಗ ಮೊದಲು ಕೇಳಬೇಕು, ಆಮೇಲೆ ಅವರಿಗೊಂದು ಪ್ರತಿ ಕೊಡಬೇಕು. ಇನ್ನು, ದಿನಕ್ಕೆ ಹನ್ನೆರಡೇ ಚಿತ್ರವೆಂಬ ಹಳೆಯ ಕಟ್ಟಳೆಯನ್ನು ಮೊದಲ ಆರು ತಿಂಗಳು ಪಾಲಿಸಿದರೆ ಕಣ್ಣು ತೆರೆಯುವುದು.

ಈಗ ಕಾಗದದ ಕೊನೆಯ ಮಾತಿಗೆ ಬರುವೆವು. ನಮ್ಮ ಸೋದರಿ ಕ್ಯಾಮರಾ ಕೊಳ್ಳುವವರೆಗೆ ಅತ್ತೆಯವರ ಪಟಕ್ಕಾಗಿ ಕಾಯಕೂಡದು. ಬರುವ ಭಾನುವಾರವೇ ಕಂಪ್ಲಿಗೆ ಹೋಗಲಿ; ಮಗಳ ಕೈಯಲ್ಲಿ ಮನೆಯ ಮೊಬೈಲೇ ಇರಲಿ. ನೆರೆಮನೆಯವರ ಮಾತಿನಲ್ಲಿ ಅಷ್ಟು ಸತ್ಯವಿದೆ. ಬೆಳಗ್ಗೆ ಎಂಟು ಒಂಬತ್ತರ ಹೊತ್ತಿಗೆ ಅಜ್ಜಿಯನ್ನು ತಲೆಬಾಗಿಲ ಒಳಗೆ, ನೇರ ಬಿಸಿಲು ಬೀಳದೆ ಹೊರಗಿನ ಬೆಳಕು ಮುಖದ ಒಂದು ಪಕ್ಕಕ್ಕೆ ಬೀಳುವಂತೆ ಕೂರಿಸಲಿ. ಹೊಸ ಸೀರೆ ಉಡಿಸಿ ಗೊಂಬೆಯಂತೆ ನಿಲ್ಲಿಸುವುದು ಬೇಡ. ದಿನವೂ ಮಾಡುವ ಕೆಲಸವನ್ನೇ ಮಾಡುತ್ತಿರಲಿ, ಅಕ್ಕಿ ಆರಿಸಲಿ, ಹೂ ಕಟ್ಟಲಿ. ಅವರ ಕೈಗಳ ಚಿತ್ರವನ್ನೂ ಒಂದು ತೆಗೆಯಲಿ. ಮಾವನವರು ಹೇಗಿದ್ದರೆಂದು ಕೇಳುತ್ತಾ ಇದ್ದರೆ ಮುಖಕ್ಕೆ ತಾನಾಗಿ ಕಳೆ ಬರುವುದು. ಗೋಡೆಯ ಮೇಲಿಲ್ಲದ ಆ ಪಟವೂ ಸ್ವಲ್ಪಮಟ್ಟಿಗೆ ಮೊಮ್ಮಗಳ ಮನಸ್ಸಿನಲ್ಲಿ ಮೂಡುವುದು. ಕ್ಯಾಮರಾ ಬಂದ ಮೇಲೆ ಇನ್ನೊಮ್ಮೆ ಹೋಗಿ ಇನ್ನೂ ಚೆನ್ನಾಗಿ ತೆಗೆಯಬಹುದು. ಮೊದಲನೆಯದಂತೂ ಕೈಯಲ್ಲಿರುತ್ತದೆ.

ತೆಗೆದ ಚಿತ್ರಗಳನ್ನು ಯಂತ್ರದೊಳಗೇ ಕೊಳೆಯಿಸಬಾರದು. ಮೊಬೈಲು ಕೆಡುತ್ತದೆ, ಕಾರ್ಡು ಕೆಡುತ್ತದೆ. ಒಳ್ಳೆಯದನ್ನು ಆರಿಸಿ ಕಾಗದದ ಮೇಲೆ ಎರಡು ಪ್ರತಿ ಅಚ್ಚು ಹಾಕಿಸಿ, ಒಂದನ್ನು ಕಂಪ್ಲಿಯಲ್ಲಿಯೂ ಒಂದನ್ನು ದೋಣಿಮಲೈಯಲ್ಲಿಯೂ ಇಡಬೇಕು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು, ಊರು, ತಾರೀಖು ಬರೆಯಬೇಕು. ಐವತ್ತು ವರ್ಷದ ಮೇಲೆ ಅದನ್ನು ಕೈಗೆತ್ತಿಕೊಳ್ಳುವವರು, ಇವರಾರು ಎಂದು ಕೇಳುವಂತಾಗಬಾರದು.

ನಮ್ಮ ಸೋದರಿಯ ಮಗಳಿಗೆ ನಮ್ಮ ಶುಭಾಶೀರ್ವಾದಗಳು. ಹಣ ಸಾಲದೆಂದು ಆಕೆ ಕುಗ್ಗಬೇಕಾದುದಿಲ್ಲ. ಅಜ್ಜಿಯ ಪಟ ಅಚ್ಚಾಗಿ ಬಂದ ಮೇಲೆ ನಮಗೂ ಒಂದು ಮಾತು ಬರೆದರೆ ನಾವು ಸಂತೋಷಪಡುವೆವು.